ಇಬ್ಬರನ್ನು ಹೊತ್ತ ಹೊಟ್ಟೆಗೆ ಮತ್ತೆ ಬಲ

ಹೆರಿಗೆಯಾಗಿ ಆರು ತಿಂಗಳು ಕಳೆದ ಮೇಲೂ ಬಸ್ಸಿನಲ್ಲಿ ಯಾರೋ ಎದ್ದು ಸೀಟು ಬಿಟ್ಟುಕೊಟ್ಟು, ‘ಎಷ್ಟು ತಿಂಗಳಮ್ಮಾ?’ ಎಂದು ಕೇಳಿಬಿಡುತ್ತಾರೆ. ಅವಳಿ ಮಕ್ಕಳನ್ನು ಹೆತ್ತ ಎಷ್ಟೋ ತಾಯಂದಿರಿಗೆ ಈ ಪ್ರಶ್ನೆ ಹೊಸದಲ್ಲ. ಕೇಳಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ಕೇಳಿಸಿಕೊಂಡವಳು ಆ ರಾತ್ರಿ ಮಕ್ಕಳಿಬ್ಬರೂ ಮಲಗಿದ ಮೇಲೆ ಮೊಬೈಲ್ ಹಿಡಿದು ಹುಡುಕಲು ಕೂರುತ್ತಾಳೆ. ಮೂವತ್ತು ದಿನದಲ್ಲಿ ಹೊಟ್ಟೆ ಕರಗಿಸುತ್ತೇವೆ ಎನ್ನುವ ವಿಡಿಯೊಗಳು ಸಾಲುಗಟ್ಟಿ ಬರುತ್ತವೆ. ಬೆಳಗಾದರೆ ಮನೆಯ ಹಿರಿಯರದು ಬೇರೆಯೇ ಮಾತು: ‘ಬಗ್ಗಬೇಡ, ಏಳಬೇಡ, ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊ, ತಾನಾಗಿಯೇ ಒಳಗೆ ಹೋಗುತ್ತದೆ.’

ಇವೆರಡೂ ಹೊಟ್ಟೆಯ ಆಕಾರದ ಬಗ್ಗೆಯೇ ಮಾತಾಡುತ್ತವೆ. ಅದರ ಕೆಲಸವನ್ನು ಯಾರೂ ಕೇಳುವುದಿಲ್ಲ. ತೊಟ್ಟಿಲಿನಿಂದ ಮಗುವನ್ನು ಎತ್ತುವಾಗ, ಕೆಮ್ಮುವಾಗ, ಹಾಸಿಗೆಯಿಂದ ಏಳುವಾಗ, ಒಂದು ಕೊಡ ನೀರು ಹೊರುವಾಗ ಹೊಟ್ಟೆಯ ಗೋಡೆ ಬೆನ್ನಿಗೆ ಆಸರೆಯಾಗಿ ನಿಲ್ಲಬೇಕು. ಆ ಗೋಡೆಗೆ ಬಲ ತುಂಬುವುದು ಸಾಧ್ಯ. ಅದಕ್ಕೊಂದು ಕ್ರಮವಿದೆ, ಕಾಲವೂ ಹಿಡಿಯುತ್ತದೆ. ಅವಳಿ ತಾಯಂದಿರಿಗೆ ಆ ಕಾಲ ಇನ್ನಷ್ಟು ಉದಾರವಾಗಿ ಸಿಗಬೇಕು ಎನ್ನುವುದು ನನ್ನ ವಾದ.

ಒಳಗೆ ಏನಾಗಿರುತ್ತದೆ ಎಂಬುದನ್ನು ಮೊದಲು ನೋಡೋಣ. ಎದೆಗೂಡಿನ ಕೆಳ ಅಂಚಿನಿಂದ ಕಿಬ್ಬೊಟ್ಟೆಯ ಮೂಳೆಯವರೆಗೆ ಎರಡು ಉದ್ದನೆಯ ಸ್ನಾಯುಪಟ್ಟಿಗಳು ಅಕ್ಕಪಕ್ಕ ಇಳಿದಿವೆ. ನಡುವೆ ಇವನ್ನು ಜೋಡಿಸಿರುವುದು ಕೊಲಾಜನ್ ಎಳೆಗಳಿಂದಾದ ಒಂದು ಬಿಗಿಯಾದ ಪಟ್ಟಿ. ವೈದ್ಯರು ಅದನ್ನು ಲೀನಿಯಾ ಆಲ್ಬಾ ಎನ್ನುತ್ತಾರೆ. ಪಕ್ಕೆಗಳಲ್ಲಿ ಓರೆಯಾಗಿ ಸಾಗುವ ಎರಡು ಪದರಗಳಿವೆ. ಎಲ್ಲಕ್ಕಿಂತ ಒಳಗೆ, ಬೆನ್ನಿನ ಕಡೆಯಿಂದ ಹೊಟ್ಟೆಯನ್ನು ಅಡ್ಡಲಾಗಿ ಬಳಸಿಕೊಂಡು ಬರುವ ಟ್ರಾನ್ಸ್‌ವರ್ಸಸ್ ಎಂಬ ಪದರವಿದೆ. ಮೇಲೆ ಉಸಿರಾಟದ ವಪೆ. ಕೆಳಗೆ ಮೂತ್ರಕೋಶ, ಗರ್ಭಕೋಶ, ಮಲದ ದಾರಿ ಮೂರನ್ನೂ ಎತ್ತಿ ಹಿಡಿದಿರುವ ಪೆಲ್ವಿಕ್ ಫ್ಲೋರ್ ಸ್ನಾಯುಗಳು. ಇಷ್ಟೂ ಒಟ್ಟಾಗಿ ಹೊಟ್ಟೆಯೊಳಗಿನ ಒತ್ತಡವನ್ನು ಸಂಭಾಳಿಸುತ್ತವೆ.

ಗರ್ಭ ನಿಲ್ಲುವ ಮೊದಲು 60–70 ಗ್ರಾಂ ತೂಗುವ ಗರ್ಭಕೋಶ ಒಂದೇ ಮಗುವಿದ್ದರೂ ದಿನ ತುಂಬುವ ಹೊತ್ತಿಗೆ ಒಂದು ಕಿಲೋ ಮುಟ್ಟುತ್ತದೆ. ಅವಳಿಯಾದರೆ ಅದೂ ಸಾಲದು. ಎರಡರಿಂದ ಎರಡೂವರೆ ಕಿಲೋದ ಎರಡು ಕೂಸುಗಳು, ಅವುಗಳ ಮಾಸು, ಸುತ್ತಲಿನ ನೀರು ಎಲ್ಲವೂ ಅದೇ ಜಾಗದಲ್ಲಿ ಸೇರಬೇಕು. ಒಂಟಿ ಮಗುವಿನ ತಾಯಿಯ ಹೊಟ್ಟೆ ಒಂಬತ್ತು ತುಂಬಿದಾಗ ಮುಟ್ಟುವ ಅಳತೆಯನ್ನು ಅವಳಿ ತಾಯಿಯ ಹೊಟ್ಟೆ ಎಂಟನೇ ತಿಂಗಳ ಹೊತ್ತಿಗೇ ಮುಟ್ಟಿರುತ್ತದೆ. ಸ್ನಾಯುಪಟ್ಟಿಗಳು ಉದ್ದವಾಗಿ ಹಿಗ್ಗುತ್ತವೆ. ನಡುವಿನ ಎಳೆಪಟ್ಟಿ ತೆಳುವಾಗಿ ಅಗಲವಾಗುತ್ತದೆ, ಪಟ್ಟಿಗಳು ಎರಡೂ ಬದಿಗೆ ಸರಿಯುತ್ತವೆ. ಇದನ್ನೇ ಡಯಾಸ್ಟಾಸಿಸ್ ರೆಕ್ಟೈ ಎನ್ನುವುದು. ಸ್ನಾಯು ಹರಿದುಹೋಗಿದೆ ಎಂದು ಹೆದರುವವರಿದ್ದಾರೆ. ಅದು ಹರಿದಿರುವುದಿಲ್ಲ, ಮಕ್ಕಳಿಗೆ ಜಾಗ ಮಾಡಿಕೊಡಲು ಹಿಗ್ಗಿರುತ್ತದೆ.

ಪೋರ್ಚುಗಲ್‌ನಲ್ಲಿ ಗರ್ಭಿಣಿಯರನ್ನು ಸ್ಕ್ಯಾನಿಂಗ್ ಮೂಲಕ ಅಳೆದು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 35ನೇ ವಾರದ ಹೊತ್ತಿಗೆ ಪ್ರತಿಯೊಬ್ಬರಲ್ಲೂ ಈ ಅಂತರ ಕಂಡಿತ್ತು. ಹೆರಿಗೆಯಾಗಿ ಆರು ತಿಂಗಳಿಗೆ ಅದು ಉಳಿದದ್ದು ಶೇ 39 ಮಂದಿಯಲ್ಲಿ. ಮರುವರ್ಷ ನಾರ್ವೆಯಿಂದ ಬಂದ, 300 ಚೊಚ್ಚಲ ತಾಯಂದಿರ ಅಧ್ಯಯನದಲ್ಲಿ ಆರು ವಾರಕ್ಕೆ ಶೇ 60, ಆರು ತಿಂಗಳಿಗೆ ಶೇ 45, ವರ್ಷಕ್ಕೆ ಶೇ 33 ಮಂದಿಯಲ್ಲಿ ಅಂತರವಿತ್ತು. ಈ ಅಧ್ಯಯನ ಇನ್ನೊಂದು ಸಮಾಧಾನದ ಸಂಗತಿಯನ್ನೂ ತಿಳಿಸಿತು. ಅಂತರವಿದ್ದವರಿಗೆ ಇಲ್ಲದವರಿಗಿಂತ ಸೊಂಟನೋವು ಹೆಚ್ಚೇನೂ ಇರಲಿಲ್ಲ. ಒಂದೇ ಮಗುವಿನ ಹೆರಿಗೆಯಲ್ಲೇ ವರ್ಷದ ಮೇಲೂ ಮೂವರಲ್ಲಿ ಒಬ್ಬರಿಗೆ ಅಂತರ ಉಳಿಯುವುದಾದರೆ, ಇಬ್ಬರನ್ನು ಹೊತ್ತವಳು ನಾಲ್ಕನೇ ತಿಂಗಳಿಗೇ ಕನ್ನಡಿಯ ಮುಂದೆ ನಿಂತು ಕಣ್ಣೀರು ಹಾಕಬೇಕಾಗಿಲ್ಲ.

ಮನೆಯಲ್ಲೇ ಪರೀಕ್ಷಿಸಿಕೊಳ್ಳುವುದು ಕಷ್ಟವಲ್ಲ. ಚಾಪೆಯ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಚಿ, ಪಾದಗಳನ್ನು ನೆಲಕ್ಕೆ ಊರಿ. ಒಂದು ಕೈಯ ಬೆರಳುಗಳನ್ನು ಹೊಕ್ಕುಳಿನ ಸ್ವಲ್ಪ ಮೇಲೆ ಅಡ್ಡಲಾಗಿ ಇಟ್ಟು, ಉಸಿರು ಬಿಡುತ್ತಾ ತಲೆ, ಹೆಗಲು ಮಾತ್ರ ನಿಧಾನವಾಗಿ ಎತ್ತಿ. ಎರಡೂ ಕಡೆಯಿಂದ ಸ್ನಾಯುವಿನ ಅಂಚುಗಳು ಗಟ್ಟಿಯಾಗಿ ಬೆರಳಿಗೆ ಸಿಗುತ್ತವೆ. ನಡುವೆ ಎಷ್ಟು ಬೆರಳು ಹಿಡಿಯುತ್ತದೆ ನೋಡಿ. ಹೊಕ್ಕುಳಿನ ಮೇಲೂ ಕೆಳಗೂ ಇದನ್ನೇ ಮಾಡಿ. ಎರಡು ಬೆರಳಿಗಿಂತ ಹೆಚ್ಚಾದರೆ ಅಂತರವಿದೆ ಎಂದು ಲೆಕ್ಕ. ಅಗಲದಷ್ಟೇ ಮುಖ್ಯವಾದದ್ದು ಬೆರಳ ತುದಿಗೆ ಸಿಗುವ ಬಿಗಿ. ಬೆರಳು ಮೆತ್ತಗೆ ಒಳಕ್ಕೆ ಇಳಿದುಹೋಗುತ್ತದೆಯೋ, ತಳದಲ್ಲಿ ಬಿಗಿದ ಬಟ್ಟೆಯಂಥ ತಡೆ ಸಿಗುತ್ತದೆಯೋ ಗಮನಿಸಿ. ಮೂರು ಬೆರಳು ಅಗಲವಿದ್ದೂ ತಳ ಬಿಗಿಯಾಗಿದ್ದರೆ ಆ ಹೊಟ್ಟೆ ಚೆನ್ನಾಗಿಯೇ ಕೆಲಸ ಮಾಡಬಲ್ಲದು. ಸಿಸೇರಿಯನ್ ಆದವರು ಈ ಪರೀಕ್ಷೆಯನ್ನು ಆರು ವಾರದ ತಪಾಸಣೆಯ ನಂತರವಷ್ಟೇ ಮಾಡಿಕೊಳ್ಳಲಿ.

ತಲೆ ಎತ್ತಿದ ಗಳಿಗೆಯಲ್ಲಿ ಕಣ್ಣಿಗೆ ಕಾಣುವುದೊಂದಿದೆ. ಹೊಟ್ಟೆಯ ನಟ್ಟನಡುವೆ, ಮೇಲಿನಿಂದ ಕೆಳಕ್ಕೆ, ಹೆಂಚಿನ ಮಾಡಿನ ನೆತ್ತಿಯಂತೆ ಒಂದು ಏಣು ಏಳುತ್ತದೆ. ತಲೆ ಇಳಿಸಿದರೆ ಮಾಯವಾಗುತ್ತದೆ. ನೋವಿರುವುದಿಲ್ಲ, ಆದ್ದರಿಂದ ಬಹಳ ಜನ ಇದನ್ನು ಗಮನಿಸಿಯೇ ಇರುವುದಿಲ್ಲ. ಒಳಗಿನ ಒತ್ತಡವನ್ನು ತಡೆಯಲಾಗದೆ ನಡುಪಟ್ಟಿ ಹೊರಕ್ಕೆ ತಳ್ಳಲ್ಪಡುತ್ತಿದೆ ಎನ್ನುವುದರ ಗುರುತು ಅದು. ವ್ಯಾಯಾಮದಲ್ಲಿ ನಮ್ಮ ದಾರಿದೀಪವೂ ಅದೇ. ಏಣು ಏಳುತ್ತಿದ್ದರೆ ಆ ವ್ಯಾಯಾಮ ಈ ವಾರ ನಿಮಗೆ ಭಾರ, ಹಗುರಾದದ್ದಕ್ಕೆ ಹಿಂದಿರುಗಿ. ಏಣು ಏಳದೆ ಹೊಟ್ಟೆ ಸಮತಟ್ಟಾಗಿ ನಿಂತರೆ ಮುಂದಿನ ಮೆಟ್ಟಿಲು ಹತ್ತಬಹುದು. ದುಬಾರಿ ಯಂತ್ರ, ಬೆಲ್ಟ್, ಆ್ಯಪ್ ಯಾವುದೂ ಇದಕ್ಕಿಂತ ಚೆನ್ನಾಗಿ ದಾರಿ ತೋರಿಸಲಾರದು.

ಬಟ್ಟೆ ಕಟ್ಟುವ ವಿಷಯಕ್ಕೆ ಬರೋಣ. ಹಳೆಯ ಕಾಟನ್ ಸೀರೆ ಹರಿದು ಬಾಣಂತಿಯ ಹೊಟ್ಟೆಗೆ ಸುತ್ತುವುದು ನಮ್ಮಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಈಗ ಆ ಜಾಗಕ್ಕೆ ಮೆಡಿಕಲ್ ಶಾಪಿನ ಬೆಲ್ಟ್ ಬಂದಿದೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನಾನು ತಯಾರಿಲ್ಲ. ಮೊದಲ ಕೆಲವು ದಿನ, ಅದರಲ್ಲೂ ಸಿಸೇರಿಯನ್ ಆದವರಿಗೆ, ಹದವಾಗಿ ಕಟ್ಟಿದ ಬಟ್ಟೆ ಎದ್ದು ಓಡಾಡಲು ಧೈರ್ಯ ಕೊಡುತ್ತದೆ, ನೋವನ್ನೂ ತಗ್ಗಿಸುತ್ತದೆ. ಆದರೆ ಅದು ಅಂತರವನ್ನು ಮುಚ್ಚುವುದಿಲ್ಲ, ಸ್ನಾಯುವಿಗೆ ಬಲವನ್ನೂ ತುಂಬುವುದಿಲ್ಲ. ಉಸಿರು ಕಟ್ಟುವಷ್ಟು ಬಿಗಿದರೆ ಒತ್ತಡವೆಲ್ಲ ಕೆಳಗಿಳಿದು, ಆಗಲೇ ದಣಿದಿರುವ ಪೆಲ್ವಿಕ್ ಫ್ಲೋರ್ ಮೇಲೆ ಬೀಳುತ್ತದೆ. ಕೂತಾಗ ಆರಾಮಾಗಿ ಉಣ್ಣಲು, ಎದೆ ತುಂಬ ಉಸಿರು ತೆಗೆಯಲು ಬರುವಷ್ಟು ಸಡಿಲವಿರಲಿ. ಮಲಗುವಾಗ ಬಿಚ್ಚಿಡಿ. ವಾರಗಳು ಉರುಳಿದಂತೆ ಕಟ್ಟುವ ಹೊತ್ತನ್ನು ಕಡಿಮೆ ಮಾಡುತ್ತಾ ಬನ್ನಿ.

ಬಾಣಂತನದ ಇನ್ನೊಂದು ಪದ್ಧತಿಯ ಬಗ್ಗೆ ಮಾತ್ರ ನನಗೆ ನಿಜಕ್ಕೂ ಸಂಕಟವಿದೆ. ಬಾಣಂತಿ ಹೆಚ್ಚು ನೀರು ಕುಡಿದರೆ ಹೊಟ್ಟೆ ದಪ್ಪವಾಗುತ್ತದೆ ಎಂದು ಲೋಟ ಅಳೆದು ಕೊಡುವ ಮನೆಗಳು ಇನ್ನೂ ಇವೆ. ಇಬ್ಬರಿಗೆ ಹಾಲೂಡುವ ತಾಯಿಗೆ ನೀರು ಕಡಿಮೆಯಾದರೆ ಮೊದಲು ಬರುವುದು ಮಲಬದ್ಧತೆ. ಮುಕ್ಕಿ ಮುಕ್ಕಿ ಒತ್ತಡ ಹಾಕಿದಾಗಲೆಲ್ಲ ಸಡಿಲಗೊಂಡ ನಡುಪಟ್ಟಿಯ ಮೇಲೂ ಪೆಲ್ವಿಕ್ ಫ್ಲೋರ್ ಮೇಲೂ ಅದೇ ಭಾರ ಬೀಳುತ್ತದೆ. ಹೊಟ್ಟೆ ಒಳಗೆ ಹೋಗಲಿ ಎಂದು ನೀರು ನಿಲ್ಲಿಸಿದ್ದು ಹೊಟ್ಟೆಗೇ ಕೇಡು ಮಾಡುತ್ತದೆ. ಕೇಳಿದಷ್ಟು ನೀರು ಕೊಡಿ. ಸೊಪ್ಪು, ಹಣ್ಣು, ಬೇಳೆ, ಮೊಟ್ಟೆ, ಹಾಲು ಧಾರಾಳವಾಗಿರಲಿ. ಕರ್ನಾಟಕದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತಿಳಿಸುತ್ತದೆ. ಅವಳಿ ಹೆರಿಗೆಯಲ್ಲಿ ರಕ್ತಸ್ರಾವದ ಅಪಾಯವೂ ಹೆಚ್ಚು. ರಕ್ತವಿಲ್ಲದ ಮೈಯಲ್ಲಿ ವ್ಯಾಯಾಮ ಸ್ನಾಯು ಕಟ್ಟುವುದಿಲ್ಲ, ಸುಸ್ತನ್ನಷ್ಟೇ ತರುತ್ತದೆ. ಆದ್ದರಿಂದ ಕಬ್ಬಿಣದ ಮಾತ್ರೆಯನ್ನು ವೈದ್ಯರು ಹೇಳಿದಷ್ಟು ದಿನ ನಿಲ್ಲಿಸದೆ ತೆಗೆದುಕೊಳ್ಳಿ. ತೂಕ ಇಳಿಸುವ ಪಥ್ಯ ಈಗ ಬೇಡವೇ ಬೇಡ.

ವ್ಯಾಯಾಮ ಎಂದು ಕರೆಯಲೂ ಸಂಕೋಚವಾಗುವಷ್ಟು ಸಣ್ಣದರಿಂದ ಆರಂಭವಾಗುತ್ತದೆ. ಹೆರಿಗೆಯಾದ ಮೊದಲ ವಾರದಲ್ಲೇ, ಮಲಗಿದಲ್ಲೇ, ಪಕ್ಕೆಗಳು ಅಗಲವಾಗುವಂತೆ ಉಸಿರು ಎಳೆದುಕೊಳ್ಳಿ. ಬಿಡುವಾಗ ನಿಧಾನವಾಗಿ, ಮೂತ್ರವನ್ನೂ ವಾಯುವನ್ನೂ ತಡೆಹಿಡಿಯುವಂತೆ ಕೆಳಗಿನ ಸ್ನಾಯುಗಳನ್ನು ಮೇಲಕ್ಕೆ ಎಳೆದುಕೊಳ್ಳಿ. ಅದರ ಜೊತೆಗೇ ಹೊಕ್ಕುಳಿನ ಕೆಳಗಿನ ಹೊಟ್ಟೆ ತಾನಾಗಿ ಹಗುರವಾಗಿ ಒಳಗೆ ಸರಿಯುತ್ತದೆ. ಮತ್ತೆ ಉಸಿರು ಎಳೆಯುವಾಗ ಪೂರ್ತಿ ಸಡಿಲ ಬಿಡಿ. ಸಡಿಲ ಬಿಡುವುದೂ ಬಿಗಿಯುವಷ್ಟೇ ಅಗತ್ಯ. ಐದಾರು ಸಲ ಮಾಡಿದರೆ ಸಾಕು, ದಿನಕ್ಕೆ ಮೂರು ನಾಲ್ಕು ಹೊತ್ತು. ಮೂತ್ರದ ಕ್ಯಾಥೆಟರ್ ಹಾಕಿದ್ದರೆ ಅದನ್ನು ತೆಗೆದ ಮೇಲೆ ಶುರು ಮಾಡಿ. ಒಂದು ಮಗು ಎದೆಗೆ ಅಂಟಿರುವಾಗಲೂ ಇದನ್ನು ಮಾಡಬಹುದು. ಅವಳಿ ತಾಯಿಗೆ ಬೇರೆ ಬಿಡುವು ಸಿಗುವುದೂ ಕಡಿಮೆಯೇ.

ಏಳುವ ಕ್ರಮವನ್ನು ಮೊದಲ ದಿನವೇ ಬದಲಿಸಿ. ಅಂಗಾತ ಮಲಗಿದ್ದವರು ನೇರವಾಗಿ ಜಗ್ಗಿ ಎದ್ದು ಕೂರಬಾರದು. ಮೊಣಕಾಲು ಮಡಚಿ ಪಕ್ಕಕ್ಕೆ ಹೊರಳಿ, ಕಾಲು ಇಳಿಬಿಟ್ಟು, ಕೈ ಊರಿ ಏಳಬೇಕು. ರಾತ್ರಿ ಎಷ್ಟೋ ಸಲ ಏಳುವ ತಾಯಿಗೆ ಇದೊಂದೇ ಅಭ್ಯಾಸ ಹೊಟ್ಟೆಯ ಮೇಲಿನ ಹೊರೆಯನ್ನು ತುಂಬಾ ತಗ್ಗಿಸುತ್ತದೆ. ಕೆಮ್ಮು, ಸೀನು ಬಂದಾಗ ಅಂಗೈ ಅಥವಾ ಮಡಚಿದ ಟವೆಲ್ಲನ್ನು ಹೊಟ್ಟೆಗೆ ಒತ್ತಿ ಹಿಡಿಯಿರಿ. ಮನೆಯೊಳಗೆ ಸ್ವಲ್ಪ ಸ್ವಲ್ಪ ನಡೆಯಿರಿ. ದಿನವಿಡೀ ಮಲಗಿಯೇ ಇರುವುದು ಕಾಲಿನ ರಕ್ತನಾಳಗಳಿಗೂ ಒಳ್ಳೆಯದಲ್ಲ.

ಸಿಸೇರಿಯನ್ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. 2019–21ರ ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ 31.5ರಷ್ಟು ಸಿಸೇರಿಯನ್. ಅವಳಿಯಲ್ಲಿ ಅದು ಇನ್ನೂ ಹೆಚ್ಚು ಸಾಮಾನ್ಯ. ಚರ್ಮದ ಹೊಲಿಗೆ ಹತ್ತು ಹದಿನೈದು ದಿನಕ್ಕೆ ಮಾಗಿದಂತೆ ಕಂಡರೂ ಒಳಗಿನ ಗಟ್ಟಿ ಪೊರೆ ಆರು ವಾರಕ್ಕೆ ತನ್ನ ಮೊದಲಿನ ಬಲದ ಅರ್ಧದಷ್ಟನ್ನು ಮಾತ್ರ ಮರಳಿ ಪಡೆದಿರುತ್ತದೆ. ಉಳಿದದ್ದಕ್ಕೆ ತಿಂಗಳುಗಳೇ ಬೇಕು. ಆರು ವಾರದ ತಪಾಸಣೆಯಲ್ಲಿ ಎಲ್ಲ ಸರಿಯಿದೆ ಎಂದರೆ ಗಾಯ ಮಾಗಿದೆ, ಸೋಂಕಿಲ್ಲ, ಗರ್ಭಕೋಶ ತನ್ನ ಅಳತೆಗೆ ಮರಳಿದೆ ಎಂದರ್ಥ. ನಾಳೆಯಿಂದ ಜಿಮ್ಮಿಗೆ ಹೋಗಿ ಭಾರ ಎತ್ತಬಹುದು ಎಂದಲ್ಲ. ಆ ವಾರದವರೆಗೆ ಮಗುವಿಗಿಂತ ಭಾರದ್ದನ್ನು ಎತ್ತದಿರಿ. ಅವಳಿ ತಾಯಿಗೆ ಇದರರ್ಥ, ಒಮ್ಮೆಗೆ ಒಂದೇ ಮಗು. ಇಬ್ಬರನ್ನೂ ಒಟ್ಟಿಗೆ ಎತ್ತಿಕೊಂಡು ಮೆಟ್ಟಿಲು ಇಳಿಯುವ ಸಾಹಸ ಬೇಡ. ಇನ್ನೊಂದು ಮಗು ಅಳುತ್ತಿದ್ದರೂ ಬೇಡ.

ಎರಡನೇ ಮೂರನೇ ವಾರದಿಂದ, ನೋವು ತಗ್ಗಿದಂತೆ, ಉಸಿರಿನ ಅಭ್ಯಾಸಕ್ಕೆ ಕಾಲಿನ ಚಲನೆ ಸೇರಿಸಬಹುದು. ಅಂಗಾತ ಮಲಗಿ, ಮೊಣಕಾಲು ಮಡಚಿ, ಉಸಿರು ಬಿಡುತ್ತಾ ಒಂದು ಹಿಮ್ಮಡಿಯನ್ನು ನೆಲದ ಮೇಲೆ ಜಾರಿಸಿ ಕಾಲು ಚಾಚಿ, ಹಾಗೆಯೇ ಹಿಂದಕ್ಕೆ ಎಳೆದುಕೊಳ್ಳಿ. ಆಮೇಲೆ ಇನ್ನೊಂದು ಕಾಲು. ಸೊಂಟ ಅಲುಗಾಡಬಾರದು. ಮಡಚಿದ ಒಂದು ಮೊಣಕಾಲನ್ನು ನಿಧಾನವಾಗಿ ಹೊರಕ್ಕೆ ವಾಲಿಸಿ ಮತ್ತೆ ತರುವುದು ಇನ್ನೊಂದು. ಮೇಲ್ನೋಟಕ್ಕೆ ಏನೂ ಅಲ್ಲ ಎನಿಸುವ ಈ ಚಲನೆಗಳಲ್ಲೇ ಒಳಪದರ ಮತ್ತೆ ಕೆಲಸ ಕಲಿಯುತ್ತದೆ. ತಪಾಸಣೆಯಲ್ಲಿ ವೈದ್ಯರು ಒಪ್ಪಿದ ಮೇಲೆ ಸೇತುಬಂಧದಂತೆ ಸೊಂಟ ಎತ್ತುವುದು, ಗೋಡೆಗೆ ಕೈ ಕೊಟ್ಟು ತಳ್ಳುವುದು, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಅಂಬೆಗಾಲಿನ ಭಂಗಿಯಲ್ಲಿ ನಿಂತು ಬಲಗೈಯನ್ನೂ ಎಡಗಾಲನ್ನೂ ಒಟ್ಟಿಗೆ ಚಾಚುವುದು. ಹತ್ತು ಹತ್ತು ಸಲ, ವಾರಕ್ಕೆ ಮೂರು ದಿನ. ಶ್ರಮದ ಗಳಿಗೆಯಲ್ಲಿ ಉಸಿರು ಹೊರಗೆ ಬಿಡಬೇಕು, ಬಿಗಿಹಿಡಿಯಬಾರದು. ಇದೊಂದು ನಿಯಮ ಚಾಪೆಯ ಮೇಲೆ ಮಾತ್ರವಲ್ಲ, ಬಕೆಟ್ ಎತ್ತುವಾಗ, ಗ್ಯಾಸ್ ಸಿಲಿಂಡರ್ ಸರಿಸುವಾಗ, ಮಗುವನ್ನು ತೊಟ್ಟಿಲಿನಿಂದ ಎತ್ತುವಾಗಲೂ ನೆನಪಿರಲಿ.

ಹೊಟ್ಟೆ ಕರಗಿಸುವ ಆತುರದಲ್ಲಿ ಬಹಳ ಮಂದಿ ನೇರವಾಗಿ ಕಪಾಲಭಾತಿಗೋ ನೌಕಾಸನಕ್ಕೋ ಕೈ ಹಾಕುತ್ತಾರೆ. ಯೋಗ ಒಳ್ಳೆಯದೇ. ಆದರೆ ಕಪಾಲಭಾತಿಯಲ್ಲಿ ಹೊಟ್ಟೆಯನ್ನು ರಭಸದಿಂದ ಮತ್ತೆ ಮತ್ತೆ ಝಾಡಿಸುತ್ತೇವೆ, ನೌಕಾಸನದಲ್ಲಿ ಕಾಲು ಮತ್ತು ಎದೆಯ ಭಾರ ಪೂರ್ತಿ ಹೊಟ್ಟೆಯ ಮೇಲೆ ನಿಲ್ಲುತ್ತದೆ. ಇವು ಕೊನೆಯ ಮೆಟ್ಟಿಲಿನವು. ಮೊದಲ ಮೂರು ತಿಂಗಳಲ್ಲಿ ಇವಕ್ಕೆ ಜಾಗವಿಲ್ಲ.

ಹಾಗೆಂದು ಸಿಟ್‌ಅಪ್ ಜನ್ಮದಲ್ಲಿ ಮಾಡಲೇಬಾರದು ಎಂದು ಹೆದರಿಸುವುದೂ ತಪ್ಪು. ವರ್ಷಗಟ್ಟಲೆ ಅದನ್ನೇ ಹೇಳಿಕೊಂಡು ಬರಲಾಗಿತ್ತು. ನಾರ್ವೆಯಲ್ಲಿ ಅಂತರವಿದ್ದ 70 ತಾಯಂದಿರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ತಲೆ, ಹೆಗಲು ಎತ್ತುವ ಕರ್ಲ್‌ಅಪ್ ಸೇರಿದ ವ್ಯಾಯಾಮವನ್ನು ಹನ್ನೆರಡು ವಾರ ಮಾಡಿಸಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಅವರ ಹೊಟ್ಟೆಯ ಬಲ ಹೆಚ್ಚಿತ್ತು, ಅಂತರ ಹಿಗ್ಗಿರಲಿಲ್ಲ. ಅದು ಹೇಳಿಕೊಳ್ಳುವಷ್ಟು ಕುಗ್ಗಿಯೂ ಇರಲಿಲ್ಲ ಎನ್ನುವುದನ್ನೂ ಸೇರಿಸಿ ಹೇಳಬೇಕು. ವ್ಯಾಯಾಮ ಅಂತರವನ್ನು ಹೊಲಿದುಬಿಡುತ್ತದೆ ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಅದು ಬಲ ಕೊಡುತ್ತದೆ. ಬಲ ಬಂದ ಹೊಟ್ಟೆ, ಎರಡು ಬೆರಳು ಅಂತರ ಉಳಿದರೂ, ಇಬ್ಬರು ಮಕ್ಕಳನ್ನು ಕಂಕುಳಲ್ಲಿ ಹೊತ್ತುಕೊಂಡು ಓಡಾಡುತ್ತದೆ. ಆದ್ದರಿಂದ ಮೂರು ತಿಂಗಳು ದಾಟಿ, ಹಿಂದಿನ ಮೆಟ್ಟಿಲುಗಳಲ್ಲಿ ಏಣು ಏಳುವುದು ನಿಂತಿದ್ದರೆ, ಕರ್ಲ್‌ಅಪ್, ಪ್ಲ್ಯಾಂಕ್, ಕೈಯಲ್ಲಿ ತೂಕ ಹಿಡಿದು ಕೂತೇಳುವುದನ್ನು ಒಂದೊಂದಾಗಿ ಸೇರಿಸಿ. ಓಟ, ಸ್ಕಿಪ್ಪಿಂಗ್ ಕೂಡ ಮೂರು ತಿಂಗಳಿಗೆ ಮುಂಚೆ ಬೇಡ. ಅವಳಿ ತಾಯಿ ಇನ್ನೆರಡು ತಿಂಗಳು ತಡೆದರೂ ನಷ್ಟವಿಲ್ಲ.

ಕೆಲವು ಲಕ್ಷಣಗಳನ್ನು ನಾಚಿಕೆಯಿಂದ ಮುಚ್ಚಿಡಬಾರದು. ಕೆಮ್ಮಿದರೆ, ನಕ್ಕರೆ ಮೂತ್ರ ಸೋರುವುದು, ಕೆಳಗೆ ಏನೋ ಜಾರಿ ಬಂದಂತೆ ಭಾರವೆನಿಸುವುದು ಹೆತ್ತವರಿಗೆಲ್ಲ ಇರುವುದೇ ಎಂದು ನುಂಗಿಕೊಳ್ಳುವ ಸಂಗತಿಗಳಲ್ಲ. ಚಿಕಿತ್ಸೆಗೆ ಬಗ್ಗುವಂಥವು. ಸ್ತ್ರೀರೋಗ ತಜ್ಞರಿಗೆ ಹೇಳಿ, ಈ ವಿಷಯದಲ್ಲಿ ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಬಳಿ ಕಳಿಸಲು ಕೇಳಿ. ಹೊಕ್ಕುಳಿನ ಬಳಿ ಗಂಟು ಕಾಣಿಸಿಕೊಂಡರೆ ಹರ್ನಿಯಾ ಇರಬಹುದು, ತೋರಿಸಿ. ಆ ಗಂಟು ಒಳಗೆ ಹೋಗದೆ ಗಟ್ಟಿಯಾಗಿ ನೋಯುತ್ತಾ ವಾಂತಿ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹೊಲಿಗೆ ಕೆಂಪಾಗಿ ಕೀವು ಬಂದರೆ, ಜ್ವರ ಬಂದರೆ, ವ್ಯಾಯಾಮ ಮಾಡಿದ ದಿನ ರಕ್ತಸ್ರಾವ ಹೆಚ್ಚಿದರೆ ಎಲ್ಲವನ್ನೂ ನಿಲ್ಲಿಸಿ ವೈದ್ಯರನ್ನು ಕಾಣಿ. ವರ್ಷವಿಡೀ ಕ್ರಮವಾಗಿ ಅಭ್ಯಾಸ ಮಾಡಿಯೂ ಅಂತರ ಅಗಲವಾಗಿಯೇ ಉಳಿದು ದಿನನಿತ್ಯದ ಕೆಲಸಕ್ಕೆ ಅಡ್ಡಿಯಾದರೆ ಶಸ್ತ್ರಚಿಕಿತ್ಸೆಯಿಂದ ಅದನ್ನು ಹೊಲಿಯುವ ದಾರಿಯಿದೆ. ಇನ್ನು ಮಕ್ಕಳು ಬೇಡ ಎಂದು ತೀರ್ಮಾನಿಸಿದ ಮೇಲೆ ಯೋಚಿಸಬೇಕಾದ ವಿಷಯ ಅದು.

ಇಷ್ಟು ಬರೆದರೂ ಒಂದು ಮಾತು ಉಳಿದಿದೆ. ಮೂರು ತಿಂಗಳು ತವರಿನಲ್ಲಿ ಕೈಗೊಬ್ಬರು ಕಾಲಿಗೊಬ್ಬರು ಇದ್ದ ಬಾಣಂತಿ ಗಂಡನ ಮನೆಗೆ ಮರಳಿದ ದಿನದಿಂದ ನೀರು, ಬಟ್ಟೆ, ಅಡುಗೆ ಎಲ್ಲವೂ ಒಟ್ಟಿಗೆ ಹೆಗಲೇರುತ್ತದೆ. ಹೊಲಕ್ಕೆ, ಗಾರ್ಮೆಂಟ್ಸಿಗೆ ಹೋಗುವವರಿಗೆ ಆ ಮೂರು ತಿಂಗಳೂ ಸಿಗುವುದಿಲ್ಲ. ಅವಳ ಹೊಟ್ಟೆಗೆ ಬಲ ಬರಬೇಕಾದರೆ ಮನೆಯ ಗಂಡಸರು ಕೊಡ ಎತ್ತಬೇಕು, ಒದ್ದೆ ಬಟ್ಟೆಯ ಬಕೆಟ್ ತಾರಸಿಗೆ ಹೊರಬೇಕು, ರಾತ್ರಿ ಎದ್ದು ಒಂದು ಮಗುವನ್ನಾದರೂ ತಂದು ಎದೆಗೆ ಕೊಡಬೇಕು. ದಿನಕ್ಕೆ ಒಮ್ಮೆ ಹದಿನೈದು ನಿಮಿಷ ಇಬ್ಬರೂ ಮಕ್ಕಳನ್ನು ನೋಡಿಕೊಂಡರೆ ಚಾಪೆ ಹಾಸಲು ಅವಳಿಗೆ ಹೊತ್ತು ಸಿಗುತ್ತದೆ.

ಆರೋಗ್ಯ ಇಲಾಖೆಗೂ ಒಂದು ಕೋರಿಕೆ. ಹೆರಿಗೆಯ ನಂತರ ಆಶಾ ಕಾರ್ಯಕರ್ತೆಯರು 42ನೇ ದಿನದವರೆಗೆ ಮನೆಗೆ ಬರುತ್ತಾರೆ. ಅವರ ಕಣ್ಣು ಹೆಚ್ಚಾಗಿ ಕೂಸಿನ ತೂಕ, ಮೈಶಾಖದ ಮೇಲಿರುತ್ತದೆ, ಇರಬೇಕಾದದ್ದೇ. ಅದರ ಜೊತೆಗೆ ತಾಯಿ ಮಕ್ಕಳಿಬ್ಬರನ್ನೂ ಎತ್ತಿಕೊಂಡು 6, 10 ಮತ್ತು 14ನೇ ವಾರ ಚುಚ್ಚುಮದ್ದಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದೇ ಬರುತ್ತಾಳೆ. ಹೊಟ್ಟೆಗೆ ಮೆಟ್ಟಿಲು ಮೆಟ್ಟಿಲಾಗಿ ಭಾರ ಹೆಚ್ಚಿಸಬೇಕಾದ ದಿನಗಳೂ ಹೆಚ್ಚು ಕಡಿಮೆ ಇವೇ. ಅಂದು ಮಕ್ಕಳಿಗೆ ಚುಚ್ಚುಮದ್ದು ಕೊಟ್ಟ ಮೇಲೆ ನರ್ಸಮ್ಮನವರು ತಾಯಿಯನ್ನೂ ಎರಡು ನಿಮಿಷ ಮಲಗಿಸಿ, ತಲೆ ಎತ್ತಿಸಿ, ಹೊಕ್ಕುಳಿನ ಮೇಲೆ ಬೆರಳಿಟ್ಟು ನೋಡಲಿ, ಮೂತ್ರ ಸೋರುತ್ತದೆಯೇ ಎಂದು ಕೇಳಲಿ, ಮುಂದಿನ ವಾರಗಳಿಗೆ ಎರಡು ವ್ಯಾಯಾಮ ತೋರಿಸಿ ತಾಯಿ ಕಾರ್ಡಿನಲ್ಲಿ ಬರೆದು ಕಳಿಸಲಿ. ಇದಕ್ಕೆ ಹೊಸ ಯೋಜನೆ ಬೇಡ, ಹೊಸ ಯಂತ್ರವೂ ಬೇಡ. ಅವರಿಗೆ ಒಂದು ದಿನದ ತರಬೇತಿ ಕೊಟ್ಟರೆ ಆರಂಭಿಸಬಹುದು.